ಮಾಸ್ತರ ಲಿಂಕುಗಳು ಮತ್ತು ಗದಗಿನ ಒಂದು ಹಳೆಯ ಲ್ಯಾಪ್‌ಟಾಪ್

2025ರ ಜೂನ್ ಮೊದಲ ವಾರ. ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆ, ಗದಗದಿಂದ ನಮ್ಮ ಮಾಸ್ತರ ಫೋನ್ ಬಂತು. ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸಿದವರು. ನಿವೃತ್ತರಾಗಿ ಬಹಳ ವರ್ಷ ಆಯಿತು. ಹಬ್ಬ, ಮದುವೆ ಬಿಟ್ಟರೆ ಸುಮ್ನೆ ಫೋನ್ ಮಾಡುವವರಲ್ಲ.

"ಏ ತಮ್ಮಾ, ಆ ಪಾಕೆಟ್ ಬಂದ್ ಮಾಡ್ತಾರಂತಲ್ಲೋ. ಮೇಲ್ ಬಂದೈತಿ. ನನ್ನ ಲಿಂಕ್ ಎಲ್ಲಾ ಹೋದ್ವೇನು?"

"ಗಾಬರಿ ಆಗಬ್ಯಾಡ್ರಿ ಸರ. ಇನ್ನೂ ಒಂದು ತಿಂಗಳ ಐತಿ. ನಾ ಭಾನುವಾರ ಬರ್ತೀನಿ."

ಪಾಕೆಟ್ ಅಂದರೆ ಓದಬೇಕಾದ ವೆಬ್ ಪುಟಗಳನ್ನು ತೆಗೆದಿಡುವ ಸೇವೆ. 2007ರಲ್ಲಿ 'ರೀಡ್ ಇಟ್ ಲೇಟರ್' ಎಂಬ ಹೆಸರಿನಲ್ಲಿ ಶುರುವಾಗಿತ್ತು. 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಮೊಝಿಲ್ಲಾ ಅದನ್ನು ಕೊಂಡಿತು. 2025ರ ಜುಲೈ 8ಕ್ಕೆ ನಿಲ್ಲಿಸುತ್ತೇವೆ ಎಂದು ಆ ವರ್ಷದ ಮೇ ತಿಂಗಳಲ್ಲಿ ಹೇಳಿತು. ಮಾಸ್ತರಿಗೆ ಇದು ಎರಡನೇ ಸಲ. ಅದಕ್ಕೂ ಮೊದಲು ಅವರು ಗೂಗಲ್ ಬುಕ್‌ಮಾರ್ಕ್ಸ್ ಬಳಸುತ್ತಿದ್ದರು. ಅದು 2005ರಿಂದ ಇದ್ದದ್ದು, 2021ರ ಸೆಪ್ಟೆಂಬರ್ ಕೊನೆಗೆ ನಿಂತುಹೋಯಿತು. ಆಗ ಪಾಕೆಟ್‌ಗೆ ಹೋಗಿ ಅಂತ ಹೇಳಿದವನು ನಾನೇ. ಹಾಗಾಗಿ ಈ ಸಲ ಸ್ವಲ್ಪ ನಾಚಿಕೆಯಿಂದಲೇ ಗದಗದ ಗಾಡಿ ಹತ್ತಿದೆ.

ಮಾಸ್ತರು ಕೂಡಿಸುತ್ತಿದ್ದದ್ದು ಒಂದೇ ವಿಷಯ, ಗದಗ ಜಿಲ್ಲೆ. ಲಕ್ಕುಂಡಿಯ ಗುಡಿ, ಬಾವಿ, ಶಾಸನ. 'ನೂರೊಂದು ಗುಡಿ, ನೂರೊಂದು ಬಾವಿ' ಅನ್ನುವ ಊರದು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಬಗ್ಗೆ ಎಲ್ಲಿ ಏನು ಬಂದರೂ ಉಳಿಸಿಕೊಳ್ಳುತ್ತಿದ್ದರು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ, ಬೆಟಗೇರಿಯ ಮಗ್ಗಗಳು, ಕಪ್ಪತಗುಡ್ಡದ ಗಿಡಮೂಲಿಕೆ, ಹೀಗೆ. ಯಾವುದಾದರೂ ಸ್ಮರಣ ಸಂಚಿಕೆಯವರು ಕೇಳಿದರೆ ನಾಲ್ಕು ಪುಟ ಬರೆದುಕೊಡುತ್ತಾರೆ. ಪುಸ್ತಕ ಮಾಡುವ ಆಸೆ ಇದೆ, ಬಾಯಿ ಬಿಟ್ಟು ಹೇಳುವುದಿಲ್ಲ.

ಎಣಿಸಲು ಕೂತಾಗ

ಭಾನುವಾರ ಹೋಗಿ ನೋಡಿದರೆ ಲಿಂಕುಗಳು ಒಂದೇ ಕಡೆ ಇರಲಿಲ್ಲ. ಪಾಕೆಟ್‌ನಲ್ಲಿ ಎರಡು ಸಾವಿರ ಚಿಲ್ಲರೆ. ಕ್ರೋಮ್ ಬ್ರೌಸರಿನ ಬುಕ್‌ಮಾರ್ಕ್ ಫೋಲ್ಡರುಗಳಲ್ಲಿ ಒಂಬತ್ತು ನೂರು. ಉಳಿದದ್ದು ವಾಟ್ಸಾಪ್‌ನಲ್ಲಿ. ನಮಗೆ ನಾವೇ ಮೆಸೇಜ್ ಕಳಿಸಿಕೊಳ್ಳುವ ಸೌಲಭ್ಯ ವಾಟ್ಸಾಪ್‌ಗೆ ಬಂದದ್ದು 2022ರ ಕೊನೆಯಲ್ಲಿ. ಅದಕ್ಕೂ ಮೊದಲೇ ಮಾಸ್ತರು ಒಂದು ಗ್ರೂಪ್ ಮಾಡಿ, ಸೊಸೆಯನ್ನು ಸೇರಿಸಿ, ಆಮೇಲೆ ಸೊಸೆಯನ್ನು ತೆಗೆದು, ತಾವೊಬ್ಬರೇ ಉಳಿದುಕೊಂಡಿದ್ದರು. ಗ್ರೂಪಿನ ಹೆಸರು 'ಕಣಜ'. ಅದರಲ್ಲಿ ಸಾವಿರದ ಆರು ನೂರಕ್ಕೂ ಜಾಸ್ತಿ ಲಿಂಕ್ ಇದ್ದವು.

ಜೊತೆಗೆ ಒಂದು ನೋಟ್‌ಬುಕ್. ಇನ್ನೂರು ಪುಟದ ಶಾಲೆಯ ನೋಟ್‌ಬುಕ್. ಅದರಲ್ಲಿ ಲಿಂಕ್ ಬರೆದಿರಲಿಲ್ಲ, ಅಷ್ಟುದ್ದದ್ದನ್ನು ಯಾರು ಬರೆಯುತ್ತಾರೆ ಹೇಳಿ. ತಾರೀಖು, ಲೇಖನದ ಹೆಸರು, ಮತ್ತು ಯಾಕೆ ಇಟ್ಟುಕೊಂಡೆ ಅನ್ನುವ ಒಂದು ಸಾಲು. 'ಮುಸುಕಿನ ಬಾವಿಯ ಒಳಗಿನ ಫೋಟೋ ಚಲೋ ಅದಾವ.' 'ಇದರಾಗ ಇಸವಿ ತಪ್ಪೈತಿ, ತಿದ್ದಬೇಕು.' ನಾನು ಅದನ್ನು ನೋಡಿ ನಕ್ಕು ಪಕ್ಕಕ್ಕಿಟ್ಟೆ. ಮೂರು ತಿಂಗಳ ನಂತರ ಅದನ್ನೇ ಕೈ ಮುಗಿದು ಕೇಳಬೇಕಾಯಿತು. ಆ ಕಥೆ ಮುಂದೆ ಬರುತ್ತದೆ.

ಲಿಂಕುಗಳನ್ನು ಹೊರಗೆ ತೆಗೆಯುವುದು ಕಷ್ಟ ಆಗಲಿಲ್ಲ. ಪಾಕೆಟ್ ಒಂದು ಸಿಎಸ್‌ವಿ ಫೈಲ್, ಅಂದರೆ ಸಾದಾ ಪಟ್ಟಿ, ಕೊಡುತ್ತಿತ್ತು. ಅದರಲ್ಲಿ ಹೆಸರು, ವಿಳಾಸ, ಸೇರಿಸಿದ ಸಮಯ, ಟ್ಯಾಗು (ಲಿಂಕಿಗೆ ಅಂಟಿಸುವ ವಿಷಯದ ಹೆಸರು). ಲೇಖನದ ಪಠ್ಯ ಇರುತ್ತಿರಲಿಲ್ಲ. ಇದು ಮಾಸ್ತರಿಗೆ ದೊಡ್ಡ ಆಘಾತ. ಪಾಕೆಟ್‌ನಲ್ಲಿ ಇಟ್ಟದ್ದು ಅಂದರೆ ಪುಟವೇ ನಮ್ಮ ಹತ್ತಿರ ಬಂತು ಅಂತ ಅವರು ಇಷ್ಟು ದಿನ ತಿಳಿದಿದ್ದರು. ವಾಟ್ಸಾಪ್ ಮಾತುಕತೆಯನ್ನು ಒಂದು ಪಠ್ಯ ಫೈಲಾಗಿ ಹೊರತೆಗೆಯಬಹುದು. ಅದರಲ್ಲಿನ ವಿಳಾಸಗಳನ್ನು ಹೆಕ್ಕಲು ಹತ್ತು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಸಾಕು. ಎಲ್ಲವನ್ನೂ ನೆಟ್‌ಸ್ಕೇಪ್ ಬುಕ್‌ಮಾರ್ಕ್ ಫೈಲ್ ಎಂಬ ರೂಪಕ್ಕೆ ತಂದೆ. ನೆಟ್‌ಸ್ಕೇಪ್ ಬ್ರೌಸರ್ ಹೋಗಿ ಎಷ್ಟೋ ಕಾಲ ಆಯಿತು, ಅದರ ಫೈಲ್ ರೂಪ ಮಾತ್ರ ಇಂದಿಗೂ ಕಂಪ್ಯೂಟರಿನ ಮುಖ್ಯ ಬ್ರೌಸರುಗಳಿಗೆ ಅರ್ಥವಾಗುತ್ತದೆ. ಪಾಕೆಟ್ ಫೈಲಿನಲ್ಲೂ ಇದರಲ್ಲೂ ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡು ಎಣಿಸಿ ಬರೆದಿರುತ್ತಾರೆ. ಹಾಗಾಗಿ ಯಾವ ಲಿಂಕ್ ಯಾವ ದಿನ ಉಳಿಸಿದ್ದು ಅನ್ನುವುದು ಹಾಗೆಯೇ ಉಳಿಯಿತು. ಮಾಸ್ತರಿಗೆ ಅದು ಮುಖ್ಯವಾಗಿತ್ತು.

ಹೆಚ್ಚು ಹೊತ್ತು ಹಿಡಿದದ್ದು ತೊಳೆಯುವ ಕೆಲಸ. ಒಂದೇ ಲೇಖನ ಮೂರು ಸಲ. ಫೇಸ್‌ಬುಕ್ ಮೂಲಕ ಬಂದ ಲಿಂಕಿನ ಬಾಲಕ್ಕೆ ಅದರದೇ ಒಂದು ಉದ್ದನೆಯ ಗುರುತು ಅಂಟಿರುತ್ತದೆ. ಗೂಗಲ್‌ನಿಂದ ಬಂದದ್ದಕ್ಕೆ ಎಎಂಪಿ ವಿಳಾಸ, ಅಂದರೆ ಮೊಬೈಲಿನಲ್ಲಿ ಬೇಗ ತೆರೆಯಲಿ ಅಂತ ಮಾಡಿದ ಪುಟದ್ದು. ಮೊಬೈಲಿನದು ಬೇರೆ, ಕಂಪ್ಯೂಟರಿನದು ಬೇರೆ. ಕಣ್ಣಿಗೆ ಒಂದೇ ಪುಟ, ಯಂತ್ರಕ್ಕೆ ಮೂರು. ಬಾಲ ಕತ್ತರಿಸಿ, ಎಎಂಪಿ ತೆಗೆದು, ಹೋಲಿಸಿದಾಗ ನಾಲ್ಕೂವರೆ ಸಾವಿರ ಇದ್ದದ್ದು ಸುಮಾರು ಮೂರು ಸಾವಿರದ ನಾಲ್ಕು ನೂರಕ್ಕೆ ಇಳಿಯಿತು.

ಆಮೇಲೆ ಒಂದೊಂದನ್ನೂ ತಟ್ಟಿ ನೋಡಿದೆವು, ಬದುಕಿದೆಯೋ ಇಲ್ಲವೋ ಅಂತ. ಆರು ನೂರರಷ್ಟು ನೇರವಾಗಿ 404, ಅಂದರೆ ಪುಟವೇ ಇಲ್ಲ. ಇನ್ನೊಂದಿಷ್ಟು ಮೋಸದವು: ಪುಟ ಇದೆ ಅಂತ ಸರ್ವರ್ ಹೇಳುತ್ತದೆ, ತೆರೆದರೆ ಜಾಲತಾಣದ ಮುಖಪುಟಕ್ಕೆ ಕರೆದುಕೊಂಡು ಹೋಗಿ ಬಿಡುತ್ತದೆ. ಒಂದು ಹಳೆಯ ಬ್ಲಾಗಿನ ವಿಳಾಸದಲ್ಲಿ ಜೂಜಿನ ಜಾಹೀರಾತು ಕುಣಿಯುತ್ತಿತ್ತು. ಮಾಸ್ತರು ಮುಖ ಆ ಕಡೆ ಮಾಡಿದರು. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದ್ದು ನೆನಪಾಯಿತು: 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗುವುದಿಲ್ಲ. ಓದಿದಾಗ ಅದೊಂದು ಅಂಕಿ ಅಷ್ಟೇ. ಹಿರಿಯರೊಬ್ಬರ ಪಕ್ಕದಲ್ಲಿ ಕೂತು ಒಂದೊಂದೇ ಕೆಂಪು ಸಾಲು ನೋಡುವುದು ಬೇರೆ.

ಸತ್ತವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಸಿಕ್ಕವು. 1996ರಿಂದ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಿರುವ ಸಂಸ್ಥೆ ಅದು. ಉಳಿದ ಮುನ್ನೂರು ಚಿಲ್ಲರೆ ಎಲ್ಲೂ ಇಲ್ಲ. ಅಳಿಸೋಣ ಅಂದೆ. ಮಾಸ್ತರು ಬೇಡ ಅಂದರು. ಅವಕ್ಕೆ ಒಂದು ಟ್ಯಾಗ್ ಕೊಡಿಸಿದರು: 'ಹೋದವು'.

ನನ್ನ ದೊಡ್ಡಸ್ತಿಕೆ

ಇನ್ನೊಬ್ಬರ ಸೇವೆಗೆ ಹೋಗಿ ಮತ್ತೆ ನಾಲ್ಕು ವರ್ಷಕ್ಕೆ ಇದೇ ಫೋನ್ ಬರುವುದು ಬೇಡ, ಈ ಸಲ ಮಾಸ್ತರ ಮನೆಯಲ್ಲೇ ಸರ್ವರ್ ಇಡೋಣ ಅಂತ ತೀರ್ಮಾನ ಆಯಿತು. ಸರ್ವರ್ ಅಂದರೆ ಅವರ ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪ್. 4 ಜಿಬಿ ಮೆಮೊರಿ, ಬ್ಯಾಟರಿ ಸತ್ತದ್ದು, ಕೀಲಿಮಣೆಯಲ್ಲಿ ಎರಡು ಕೀ ಇಲ್ಲ. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿದೆ, ಅದರ ಮೇಲೆ ಪ್ರೋಗ್ರಾಂಗಳನ್ನು ಓಡಿಸುವ ಡಾಕರ್ ಹಾಕಿದೆ.

ಈ ಕೆಲಸಕ್ಕೆ ಮುಕ್ತ ತಂತ್ರಾಂಶಗಳು ಬೇಕಾದಷ್ಟು ಇವೆ. ವಾಲಾಬ್ಯಾಗ್ ಹಳೆಯದು, ಪಾಕೆಟ್‌ನ ಹಾಗೆಯೇ ಲೇಖನದ ಪಠ್ಯ ತೆಗೆದು ಓದಲು ಕೊಡುತ್ತದೆ. ಆದರೆ ನಾವು ಪ್ರತ್ಯೇಕವಾಗಿ ಹೇಳದಿದ್ದರೆ ಚಿತ್ರಗಳನ್ನು ಇಳಿಸಿಕೊಳ್ಳುವುದಿಲ್ಲ. ಮಾಸ್ತರ ಅರ್ಧ ಸಂಗ್ರಹ ಶಾಸನದ ಫೋಟೋಗಳದ್ದೇ. ಶಾರ್ಲಿ ತುಂಬಾ ಹಗುರ, ಡೇಟಾಬೇಸ್ ಕೂಡ ಬೇಡ, ಆದರೆ ಅದು ಲಿಂಕಿನ ಪಟ್ಟಿ ಅಷ್ಟೇ. ಲಿಂಕ್‌ವಾರ್ಡನ್ ನಾಲ್ಕಾರು ಜನ ಕೂಡಿ ಬಳಸಲು ಚೆನ್ನ, ಪುಟದ ಪ್ರತಿಯನ್ನೂ ಇಡುತ್ತದೆ, ಅದಕ್ಕೆ ಪೋಸ್ಟ್‌ಗ್ರೆಸ್ ಎಂಬ ಪ್ರತ್ಯೇಕ ಡೇಟಾಬೇಸ್ ಬೇಕು. ಆಮೇಲೆ ಕರಾಕೀಪ್. ಹಿಂದೆ ಹೋರ್ಡರ್ ಅಂತ ಇದ್ದದ್ದು, 2025ರಲ್ಲಿ ಹೆಸರು ಬದಲಾಯಿಸಿಕೊಂಡಿತು. ನೋಡಲು ಚೆಂದ. ಪುಟದ ಒಳಗಿನ ಪಠ್ಯವನ್ನೂ ಹುಡುಕುತ್ತದೆ. ಎಐ ಜೋಡಿಸಿದರೆ ಟ್ಯಾಗ್‌ಗಳನ್ನು ತಾನೇ ಹಾಕುತ್ತದೆ.

ನನಗೆ ಕರಾಕೀಪ್ ಮೇಲೆ ಮನಸ್ಸಾಯಿತು. ನಿಜ ಹೇಳಬೇಕೆಂದರೆ ಅದು ಮಾಸ್ತರಿಗೆ ಬೇಕಾದದ್ದಲ್ಲ, ನನಗೆ ಆಡಲು ಬೇಕಾದದ್ದು. ಅದು ಒಬ್ಬನೇ ಬರುವ ಅತಿಥಿಯಲ್ಲ. ಮುಖ್ಯ ಪ್ರೋಗ್ರಾಂ ಒಂದು, ಪುಟಗಳನ್ನು ತೆರೆದು ನೋಡಲು ತೆರೆ ಇಲ್ಲದ ಕ್ರೋಮ್ ಒಂದು, ಹುಡುಕಾಟಕ್ಕೆ ಮೈಲಿಸರ್ಚ್ ಒಂದು. ಒಳ್ಳೆಯ ಯಂತ್ರದಲ್ಲಿ ಮೂರೂ ಸುಖವಾಗಿ ಇರುತ್ತವೆ. ನಮ್ಮ 4 ಜಿಬಿಯ ಮುದುಕನ ಮೇಲೆ ಮೂರು ಸಾವಿರದ ನಾಲ್ಕು ನೂರು ಲಿಂಕ್ ಸುರಿದೆ. ಅದು ಒಂದೊಂದನ್ನೂ ಕ್ರೋಮ್‌ನಲ್ಲಿ ತೆರೆದು, ಚಿತ್ರ ತೆಗೆದು, ಪಠ್ಯ ಹೆಕ್ಕಲು ಹೊರಟಿತು. ಫ್ಯಾನಿನ ಸದ್ದು ಪಡಸಾಲೆಗೆ ಕೇಳುತ್ತಿತ್ತು. ರಾತ್ರಿ ಹೊತ್ತಿಗೆ ಮೌಸ್ ಕೂಡ ಅಲುಗಲಿಲ್ಲ. ಯಂತ್ರದ ಯೋಗ್ಯತೆ ನೋಡದೆ ಹೇರು ಹೇರಿದ್ದು ನನ್ನ ತಪ್ಪು, ತಂತ್ರಾಂಶದ್ದಲ್ಲ.

"ಎತ್ತ ನೋಡಿ ಗಳೆ ಹೂಡಬೇಕು" ಅಂದರು ಮಾಸ್ತರು. ಅಷ್ಟೇ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅವರ ಸೊಸೆ ಕೇಳಿದ ಪ್ರಶ್ನೆ. "ಅಣ್ಣಾರ, ನೀವು ಹುಬ್ಬಳ್ಳ್ಯಾಗ ಇರ್ತೀರಿ. ಇದು ಕೆಟ್ಟು ನಿಂತ್ರ ನಾವೇನ ಮಾಡಬೇಕ್ರಿ?" ಆಕೆ ಡಿಗ್ರಿ ಓದಿದವರು, ಕಂಪ್ಯೂಟರ್ ಕೆಲಸದವರಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಇಡೀ ಯೋಜನೆಗೆ ಒಂದೇ ಅಳತೆಗೋಲು ಇಟ್ಟುಕೊಂಡೆ. ನಾನು ಒಂದು ವರ್ಷ ಗದಗಕ್ಕೆ ಬರದಿದ್ದರೂ ಇದು ನಡೆಯಬೇಕು. ನಡೆಯದೆ ನಿಂತರೂ, ಅದರೊಳಗಿನದ್ದು ಅವರ ಕೈಗೆ ಸಿಗಬೇಕು.

ಆಗಸ್ಟ್‌ನಲ್ಲಿ ಎಲ್ಲ ಕಿತ್ತು ಲಿಂಕ್‌ಡಿಂಗ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಹಾಕಿದೆ. ಒಂದೇ ಪ್ರೋಗ್ರಾಂ, ಡೇಟಾಬೇಸ್ ಕೂಡ ಎಸ್‌ಕ್ಯೂಲೈಟ್ ಎಂಬ ರೂಪದ ಒಂದೇ ಫೈಲ್. ನೋಡಲು ಸಪ್ಪೆ. ಪಟ್ಟಿ, ಟ್ಯಾಗು, ಹುಡುಕುವ ಡಬ್ಬಿ, ಇಷ್ಟೇ. 'ಡಿಂಗ್' ಅಂದರೆ ಜರ್ಮನ್ ಭಾಷೆಯಲ್ಲಿ ವಸ್ತು ಅಂತ. ಮಾಸ್ತರಿಗೆ ಹೇಳಿದೆ. "ಅಂದ್ರ ಲಿಂಕಿನ ಸಾಮಾನು!" ಅಂತ ನಕ್ಕರು. ಈಗ ಮನೆಯಲ್ಲಿ ಅದರ ಹೆಸರು ಅದೇ. "ಸಾಮಾನು ಚಾಲೂ ಐತೇನು ನೋಡವಾ" ಅನ್ನುತ್ತಾರೆ ಸೊಸೆಗೆ.

ಹನ್ನೊಂದು ದಿನದ ಕಥೆ

ಡಾಕರ್ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಪ್ರೋಗ್ರಾಂ ಅನ್ನು ಒಂದು ಡಬ್ಬಿಯೊಳಗೆ ಇಟ್ಟು ಓಡಿಸುತ್ತದೆ. ಹೊಸ ಆವೃತ್ತಿ ಬಂದಾಗ ಹಳೆಯ ಡಬ್ಬಿ ಬಿಸಾಕಿ ಹೊಸ ಡಬ್ಬಿ ತರುತ್ತೇವೆ. ಹಾಗಾಗಿ ನಮ್ಮ ಮಾಹಿತಿಯನ್ನು ಡಬ್ಬಿಯ ಒಳಗಲ್ಲ, ಹೊರಗೆ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ ಇಡಬೇಕು, ಆ ಫೋಲ್ಡರನ್ನು ಡಬ್ಬಿಗೆ ತೋರಿಸಬೇಕು. ಇದಕ್ಕೆ ವಾಲ್ಯೂಮ್ ಅನ್ನುತ್ತಾರೆ. ಡಾಕರ್ ಕಲಿಯುವವರಿಗೆ ಮೊದಲ ದಿನವೇ ಹೇಳುವ ಪಾಠ.

ಲಿಂಕ್‌ಡಿಂಗ್ ಹಾಕಿದ ದಿನ 'ಸುಮ್ನೆ ಒಂದು ಸಲ ನೋಡೋಣ' ಅಂತ ವಾಲ್ಯೂಮ್ ಇಲ್ಲದೆ ಓಡಿಸಿದೆ. ಲಿಂಕಿನ ಫೈಲ್ ಒಳಗೆ ಹಾಕಿದೆ, ಚೆನ್ನಾಗಿ ಓಡಿತು. ಚಹಾ ಬಂತು, ಗಿರ್ಮಿಟ್ ಬಂತು, ಮಾತಿಗೆ ಕೂತೆವು. ಕೊನೆಯ ಗಾಡಿಗೆ ಓಡಿದೆ. ಮಾಸ್ತರು ಮರುದಿನದಿಂದಲೇ ಅದನ್ನು ಬಳಸಲು ಶುರು ಮಾಡಿದರು.

ಹನ್ನೊಂದು ದಿನ ಬಿಟ್ಟು ಹುಬ್ಬಳ್ಳಿಯಿಂದಲೇ ಲಾಗಿನ್ ಆಗಿ ಆವೃತ್ತಿ ಬದಲಿಸಿದೆ. ಹಳೆಯ ಡಬ್ಬಿ ಅಳಿಸಿದೆ. ಜಾಗ ಉಳಿಯಲಿ ಅಂತ ಅದರ ಜೊತೆಗಿದ್ದ ಬಾಲಂಗೋಚಿಗಳನ್ನೂ ಅಳಿಸಿದೆ. ಹೊಸದನ್ನು ತೆರೆದರೆ ಖಾಲಿ ಪುಟ.

ಮೂಲದ ಮೂರು ಸಾವಿರದ ನಾಲ್ಕು ನೂರು ಲಿಂಕಿನ ಫೈಲ್ ನನ್ನ ಹತ್ತಿರ ಇತ್ತು, ಅದನ್ನು ಮತ್ತೆ ಹಾಕಬಹುದು. ಹೋದದ್ದು ಆ ಹನ್ನೊಂದು ದಿನಗಳಲ್ಲಿ ಮಾಸ್ತರು ಹೊಸದಾಗಿ ಸೇರಿಸಿದ್ದು, ನಲವತ್ತರಷ್ಟು. ಫೋನ್ ಮಾಡಿ ಹೇಳಲು ಅರ್ಧ ದಿನ ಬೇಕಾಯಿತು ನನಗೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಟ್‌ಬುಕ್ ಐತಲ್ಲ" ಅಂದರು.

ನೋಟ್‌ಬುಕ್‌ನಲ್ಲಿ ಹನ್ನೊಂದು ದಿನದ್ದೂ ಇತ್ತು. ಹೆಸರು ಓದಿ ಹೇಳುತ್ತಾ ಹೋದರು, ನಾನು ಈ ಕಡೆ ಹುಡುಕುತ್ತಾ ಹೋದೆ. ಎರಡು ಸಂಜೆಯಲ್ಲಿ ಮೂರ್ನಾಲ್ಕು ಬಿಟ್ಟು ಎಲ್ಲವೂ ಸಿಕ್ಕವು. ಹೀಗೆ ಹುಡುಕುವಾಗ ಇನ್ನೊಂದು ವಿಷಯ ಹೊಳೆಯಿತು. ನೋಟ್‌ಬುಕ್‌ನ 'ಯಾಕೆ ಇಟ್ಟುಕೊಂಡೆ' ಅನ್ನುವ ಸಾಲು ಲೇಖನದ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಲಿಂಕ್‌ಡಿಂಗ್‌ನಲ್ಲಿ ಪ್ರತಿ ಲಿಂಕಿಗೂ ಟಿಪ್ಪಣಿ ಬರೆಯುವ ಜಾಗ ಇದೆ, ಹುಡುಕಾಟದಲ್ಲಿ ಅದೂ ಸೇರುತ್ತದೆ. ಸೊಸೆ ಮಧ್ಯಾಹ್ನದ ಬಿಡುವಿನಲ್ಲಿ ಹಳೆಯ ನೋಟ್‌ಬುಕ್ ಸಾಲುಗಳನ್ನು ಒಂದೊಂದಾಗಿ ಅಲ್ಲಿ ತುಂಬಿದರು. ಆರು ವಾರ ಹಿಡಿಯಿತು. ಇಡೀ ಕೆಲಸದಲ್ಲಿ ಬೆಲೆಬಾಳುವ ಭಾಗ ಅದೇ, ಮತ್ತು ಅದು ನನ್ನದಲ್ಲ. ಎಐ ಟ್ಯಾಗ್ ಹಾಕಿಕೊಡುತ್ತದೆ ನಿಜ, ಆದರೆ 'ಇದರಾಗ ಇಸವಿ ತಪ್ಪೈತಿ' ಅಂತ ಬರೆಯಲು ಮಾಸ್ತರೇ ಬೇಕು.

ಆಮೇಲೆ ಬ್ಯಾಕಪ್ ವಿಷಯದಲ್ಲಿ ಬುದ್ಧಿ ಬಂತು. ಇಲ್ಲೂ ಒಂದು ಗುಂಡಿ ಇದೆ. ಎಸ್‌ಕ್ಯೂಲೈಟ್ ಒಂದೇ ಫೈಲ್ ತಾನೆ, ನಕಲು ಮಾಡಿಕೊಂಡರೆ ಆಯಿತು ಅನ್ನಿಸುತ್ತದೆ. ಪ್ರೋಗ್ರಾಂ ಓಡುತ್ತಿರುವಾಗ ಹೊಸ ಬರಹ ಪಕ್ಕದ ಇನ್ನೊಂದು ಫೈಲಿನಲ್ಲಿ ಕೂತಿರಬಹುದು. ಮುಖ್ಯ ಫೈಲ್ ಮಾತ್ರ ನಕಲು ಮಾಡಿದರೆ ಕೊನೆಯ ದಿನಗಳದ್ದು ಬಿಟ್ಟುಹೋಗುತ್ತದೆ. ಲಿಂಕ್‌ಡಿಂಗ್‌ಗೆ ತನ್ನದೇ ಪೂರ್ಣ ಬ್ಯಾಕಪ್ ಆಜ್ಞೆ ಇದೆ, ಎಲ್ಲವನ್ನೂ ಸೇರಿಸಿ ಜಿಪ್ ಮಾಡಿಕೊಡುತ್ತದೆ. ಈಗ ರಾತ್ರಿ ಎರಡಕ್ಕೆ ಅದು ಓಡುತ್ತದೆ, ಒಂದು ಪ್ರತಿ ಪೆನ್ ಡ್ರೈವ್‌ಗೆ, ಒಂದು ಪ್ರತಿ ಹುಬ್ಬಳ್ಳಿಯ ನನ್ನ ಕಂಪ್ಯೂಟರಿಗೆ. ವಾರಕ್ಕೊಮ್ಮೆ ಆ ನೆಟ್‌ಸ್ಕೇಪ್ ರೂಪದ ಫೈಲ್ ಕೂಡ ಪೆನ್ ಡ್ರೈವ್‌ಗೆ ಬೀಳುತ್ತದೆ. ಸೊಸೆಗೆ ಅದನ್ನು ತೋರಿಸಿದೆ. ಎರಡು ಸಲ ಒತ್ತಿದರೆ ಯಾವ ಕಂಪ್ಯೂಟರಿನಲ್ಲೂ ಬ್ರೌಸರಿನಲ್ಲಿ ಪಟ್ಟಿ ತೆರೆಯುತ್ತದೆ, ಸರ್ವರ್ ಬೇಡ, ನಾನೂ ಬೇಡ. ಅವರು ಕೇಳಿದ್ದ ಪ್ರಶ್ನೆಗೆ ಎರಡು ತಿಂಗಳ ಮೇಲೆ ಕೊಟ್ಟ ಉತ್ತರ ಅದು.

ಲೊಕ್ಕಿಗುಂಡಿ ಸಿಗಲಿಲ್ಲ

ಹೊರಗಿನ ತಂತ್ರಾಂಶದಲ್ಲಿ ಕನ್ನಡ ಹುಡುಕುವುದು ಹೇಗೆ ಅನ್ನುವುದರ ಬಗ್ಗೆ ಯಾರೂ ಬರೆಯುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಲಿಂಕ್‌ಡಿಂಗ್ ಹುಡುಕುವ ರೀತಿ ಸರಳ. ನಾವು ಕೊಟ್ಟ ಅಕ್ಷರಗಳ ಸಾಲು ಹೆಸರಿನಲ್ಲೋ ಟಿಪ್ಪಣಿಯಲ್ಲೋ ಎಲ್ಲಾದರೂ ಹಾಗೆಯೇ ಇದೆಯೇ ಅಂತ ನೋಡುತ್ತದೆ. ವಿಭಕ್ತಿ ಗೊತ್ತಿಲ್ಲ. ಆದರೆ ಕನ್ನಡಕ್ಕೆ ಇದು ಅರ್ಧ ಅನುಕೂಲವೇ. 'ಲಕ್ಕುಂಡಿ' ಅಂತ ಕೊಟ್ಟರೆ 'ಲಕ್ಕುಂಡಿಯ', 'ಲಕ್ಕುಂಡಿಯಲ್ಲಿ' ಎಲ್ಲ ಬರುತ್ತವೆ. 'ಗದಗ' ಕೊಟ್ಟರೆ 'ಗದಗಿನ' ಕೂಡ ಬರುತ್ತದೆ, ಯಾಕೆಂದರೆ ಯಂತ್ರದ ಲೆಕ್ಕದಲ್ಲಿ ಗುಣಿಸು ಅಕ್ಷರದ ನಂತರ ಬರುವ ಬೇರೆ ಗುರುತು. ಆದರೆ 'ಊರು' ಕೊಟ್ಟರೆ 'ಊರಿನ' ಸಿಗುವುದಿಲ್ಲ. ಕೊನೆಯ ಕೊಂಬು ಬಿಟ್ಟು 'ಊರ' ಅಂತ ಕೊಡಬೇಕು, ಆಗ ಎರಡೂ ಬರುತ್ತವೆ. ಮಾಸ್ತರಿಗೆ ಇದನ್ನು ಹೇಳಿದಾಗ ಖುಷಿಯಾಯಿತು. "ಪ್ರಕೃತಿ ಕೊಡಬೇಕು, ಪ್ರತ್ಯಯ ಬಿಡಬೇಕು ಅಂದ್ಯಲ್ಲ" ಅಂದರು. ಹೌದಲ್ಲ, ಮೂವತ್ತು ವರ್ಷದ ಹಿಂದಿನ ವ್ಯಾಕರಣದ ಪಿರಿಯಡ್!

ನಿಜವಾದ ತಲೆನೋವು ಬಂದದ್ದು ಲಕ್ಕುಂಡಿಯ ಹಳೆಯ ಹೆಸರಿನಲ್ಲಿ. ಶಾಸನಗಳಲ್ಲಿ ಅದು ಲೊಕ್ಕಿಗುಂಡಿ. ಆ ಹೆಸರಿನ ಒಂದು ಲೇಖನ ಪಟ್ಟಿಯಲ್ಲಿ ಕಣ್ಣೆದುರೇ ಇದೆ, ಹುಡುಕಿದರೆ ಇಲ್ಲ ಅನ್ನುತ್ತದೆ. ಒಂದು ಗಂಟೆ ತಲೆ ಕೆರೆದುಕೊಂಡೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಗೆ ಯುನಿಕೋಡ್ ಅನ್ನುತ್ತಾರೆ. ಯುನಿಕೋಡ್‌ನಲ್ಲಿ 'ೊ' ಎನ್ನುವ ಗುಣಿಸನ್ನು ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ 'ೆ' ಮತ್ತು 'ೂ' ಎಂಬ ಎರಡು ಸಂಕೇತ ಒಟ್ಟಿಗೆ ಇಟ್ಟು ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಆ ಲೇಖನದ ಹೆಸರು ಎರಡನೇ ರೀತಿಯದ್ದು, ನಮ್ಮ ಕೀಲಿಮಣೆ ಬರೆಯುವುದು ಮೊದಲನೆಯದು. ಇದೇ ಜಾತಿಯ ಇನ್ನೊಂದು ತೊಂದರೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಗುರುತಿನದು. 'ಸಾಫ್ಟ್‌ವೇರ್' ಅನ್ನುವ ಪದದ ನಡುವೆ ಕೆಲವರು ಅದನ್ನು ಹಾಕಿರುತ್ತಾರೆ, ಕೆಲವರು ಹಾಕಿರುವುದಿಲ್ಲ. ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಓಡಿಸಿದೆ. ಗುಣಿಸಿನ ತೊಂದರೆಗೆ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಸಿದ್ಧ ಸೌಲಭ್ಯ ಇದೆ, ಕಾಣದ ಗುರುತನ್ನು ಮಾತ್ರ ಬೇರೆಯಾಗಿ ತೆಗೆಯಬೇಕು. ಕನ್ನಡ ಲಿಂಕುಗಳನ್ನು ಎಲ್ಲಿಂದ ಎಲ್ಲಿಗೆ ಸಾಗಿಸಿದರೂ ಈ ಒಂದು ಹೆಜ್ಜೆ ಬಿಡಬೇಡಿ.

ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಇರುವ ಪುಟಗಳ ಪಾಡು ಬೇರೆ. ಕನ್ನಡದಲ್ಲಿ ಯುನಿಕೋಡ್ ಬಳಕೆಗೆ ಬರುವ ಮೊದಲಿನವು. ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳಿಗೆ ಟೊಪ್ಪಿಗೆ ತೊಡಿಸಿದ ಹಾಗೆ ಕಾಣುತ್ತವೆ. ಅಂಥ ಎಂಬತ್ತು ತೊಂಬತ್ತು ಲಿಂಕುಗಳಿಗೆ ಮಾಸ್ತರೇ ಕೈಯಿಂದ ಕನ್ನಡ ಹೆಸರು ಕೊಟ್ಟರು. ಊರ ಹೆಸರಿನ ಕಾಗುಣಿತಕ್ಕೆ ಟ್ಯಾಗ್ ಆಸರೆಯಾಯಿತು. ಕಣಗಿನಹಾಳವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಹುಬ್ಬಳ್ಳಿ ಹುಬ್ಳಿ ಆಗುತ್ತದೆ, ಗುಡಿ ದೇವಸ್ಥಾನ ಆಗುತ್ತದೆ, ದೇಗುಲ ಆಗುತ್ತದೆ. ಟ್ಯಾಗ್ ಮಾತ್ರ ಒಂದೇ ಇರಲಿ ಅಂತ ಮಾಡಿಕೊಂಡೆವು. ನಲವತ್ತು ಟ್ಯಾಗ್ ದಾಟಬಾರದು ಅನ್ನುವುದು ಮಾಸ್ತರ ಕಟ್ಟಳೆ. ಟ್ಯಾಗಿನ ನಡುವೆ ಜಾಗ ಬಿಡುವಂತಿಲ್ಲ, ಬಿಟ್ಟರೆ ಲಿಂಕ್‌ಡಿಂಗ್ ಅದನ್ನು ಎರಡು ಟ್ಯಾಗ್ ಅಂತ ತಿಳಿಯುತ್ತದೆ. 'ಹಳೆ ಬಾವಿ' ಅಂತ ಕೊಟ್ಟು 'ಹಳೆ' ಅನ್ನುವ ಟ್ಯಾಗ್ ಹುಟ್ಟಿಕೊಂಡ ಮೇಲೆ ಗೊತ್ತಾಯಿತು.

ಪುಟದ ಪ್ರತಿ, ಕರೆಂಟು, ಮುಚ್ಚಳ

ಪುಟವೇ ಬೇಕು, ವಿಳಾಸ ಸಾಲದು ಅನ್ನುವುದು 'ಹೋದವು' ಟ್ಯಾಗ್ ಕಲಿಸಿದ ಪಾಠ. ಲಿಂಕ್‌ಡಿಂಗ್‌ನದೇ 'ಪ್ಲಸ್' ಎಂಬ ಇನ್ನೊಂದು ರೂಪ ಇದೆ. ಅದರ ಜೊತೆ ಕ್ರೋಮಿಯಂ ಎಂಬ ಬ್ರೌಸರ್ ಬರುತ್ತದೆ, ಪುಟವನ್ನು ಚಿತ್ರಗಳ ಸಮೇತ ಒಂದೇ ಎಚ್‌ಟಿಎಂಎಲ್ ಫೈಲಾಗಿ ಉಳಿಸುತ್ತದೆ. ಮತ್ತೆ ಆ ಮುದುಕನ ಮೇಲೆ ಹೇರು! ಈ ಸಲ ಒಮ್ಮೆಗೇ ಸುರಿಯದೆ ಪ್ರತಿ ರಾತ್ರಿ ಐವತ್ತರಂತೆ ಮಾಡಿಸಿದೆ. ಎರಡು ತಿಂಗಳಲ್ಲಿ ಮುಗಿಯಿತು. ಲಾಗಿನ್ ಬೇಕಾದ ಪತ್ರಿಕೆಗಳಿಗೆ ಇದು ಆಗುವುದಿಲ್ಲ, ಬಾಗಿಲಿನ ಫೋಟೋ ಮಾತ್ರ ಬರುತ್ತದೆ. ಅದಕ್ಕೆ ಮಾಸ್ತರ ಬ್ರೌಸರಿಗೆ ಸಿಂಗಲ್‌ಫೈಲ್ ಎಂಬ ಎಕ್ಸ್‌ಟೆನ್ಶನ್ ಹಾಕಿದೆ. ಅವರು ಚಂದಾ ಕಟ್ಟಿ ಓದುತ್ತಿರುವ ಪುಟವನ್ನು ಅವರ ಕಣ್ಣಿಗೆ ಕಂಡ ಹಾಗೆಯೇ ಸರ್ವರಿಗೆ ಕಳಿಸುತ್ತದೆ. ಈ ಪ್ರತಿಗಳು ಮನೆಯೊಳಗೆ ಅವರ ಓದಿಗೆ ಮಾತ್ರ, ಯಾರಿಗೂ ಹಂಚುವುದಿಲ್ಲ. ಬರೆದವರ ಹಕ್ಕು ಬರೆದವರದ್ದು.

ಪ್ರತಿಯ ಒಳಗಿನ ಪಠ್ಯವನ್ನು ಲಿಂಕ್‌ಡಿಂಗ್ ಹುಡುಕುವುದಿಲ್ಲ, ಕರಾಕೀಪ್ ಹುಡುಕುತ್ತದೆ. ಅದೊಂದು ಕೊರತೆ ಇದೆ, ಒಪ್ಪುತ್ತೇನೆ. ಮಾಸ್ತರ ಟಿಪ್ಪಣಿಗಳು ಇರದಿದ್ದರೆ ಈ ಆಯ್ಕೆ ಮಾಡುತ್ತಿರಲಿಲ್ಲ.

ಫೇಸ್‌ಬುಕ್ ಮಾತ್ರ ಸೋಲಿಸಿತು. ಊರಿನ ಹಳೆಯ ಫೋಟೋ, ಹಿರಿಯರ ನೆನಪು ಅಂತ ಎಷ್ಟೋ ಒಳ್ಳೆಯ ಬರಹ ಅಲ್ಲೇ ಇದೆ. ಅಲ್ಲಿನ ಪುಟದ ಪ್ರತಿ ಸರಿಯಾಗಿ ಬರುವುದಿಲ್ಲ. ಪಠ್ಯವನ್ನು ಟಿಪ್ಪಣಿಗೆ ಅಂಟಿಸಿ, ಬರೆದವರ ಹೆಸರು, ತಾರೀಖು ಬರೆದಿಡುತ್ತಾರೆ.

ಹೊರಗಿನಿಂದ ಸರ್ವರನ್ನು ತಲುಪಲು ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶ ಹಾಕಿದ್ದೇವೆ. ಮನೆಯ ಇಂಟರ್ನೆಟ್‌ಗೆ ಸ್ವಂತ ಸಾರ್ವಜನಿಕ ವಿಳಾಸ ಇರಲಿಲ್ಲ, ಇಡೀ ಚಾಳಿಗೆ ಒಂದೇ ಮನೆ ನಂಬರ್ ಇದ್ದ ಹಾಗೆ. ಟೇಲ್‌ಸ್ಕೇಲ್ ಇದ್ದರೆ ಮಾಸ್ತರ ಫೋನು, ಆ ಲ್ಯಾಪ್‌ಟಾಪು, ನನ್ನ ಕಂಪ್ಯೂಟರು, ಈ ಮೂರು ಮಾತ್ರ ಒಂದನ್ನೊಂದು ಕಾಣುತ್ತವೆ. ಬೀದಿಗೆ ಬಾಗಿಲು ತೆರೆಯಬೇಕಾಗಿಲ್ಲ. ಇದು ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷದಲ್ಲಿ ಮುಗಿಯದ್ದು ಕರೆಂಟಿನದು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಕರೆಂಟ್ ಹೋದ ತಕ್ಷಣ ಆರುತ್ತದೆ. ಬಂದ ಮೇಲೆ ತಾನಾಗಿ ಏ‍ಳುವುದಿಲ್ಲ, ಯಾರಾದರೂ ಗುಂಡಿ ಒತ್ತಬೇಕು. ಮನೆಯಲ್ಲಿ ಇನ್ವರ್ಟರ್ ಇತ್ತು, ಫ್ಯಾನು ಲೈಟಿಗೆ ಮಾತ್ರ. ಅದರ ಸಾಲಿನಲ್ಲಿ ಒಂದು ಪ್ಲಗ್ ಎಳೆಸಿದೆವು. ಆಮೇಲೂ ಕರೆಂಟ್ ಹೋದಾಗ ಫೋನಿನಲ್ಲಿ ಸಾಮಾನು ತೆರೆಯುತ್ತಿರಲಿಲ್ಲ. ರೂಟರ್ ಇನ್ವರ್ಟರ್ ಮೇಲೆ ಇರಲಿಲ್ಲ, ನೋಡಿ!

ಎಲ್ಲ ಸರಿಹೋಯಿತು ಅಂದುಕೊಂಡ ಮೇಲೂ ದಿನ ಬಿಟ್ಟು ದಿನ ಬೆಳಿಗ್ಗೆ ಒಂಬತ್ತಕ್ಕೆ ಸರ್ವರ್ ಮಾಯ. ಲಾಗ್ ಓದಿದೆ, ಮೆಮೊರಿ ನೋಡಿದೆ, ಡಿಸ್ಕ್ ಪರೀಕ್ಷಿಸಿದೆ. ಕೊನೆಗೆ ಫೋನ್ ಮಾಡಿ ಕೇಳಿದೆ. "ಅಯ್ಯ, ಧೂಳ ಒರಸಾಕ ಮುಚ್ಚಿರ್ತೇನ್ರಿ ಅಣ್ಣಾರ. ಈ ಗಾಳಿಗೆ ದಿನಾ ಒರಸಿದ್ರೂ ಸಾಲಂಗಿಲ್ಲ." ಗದಗದ ಗಾಳಿ ಬಲ್ಲವರಿಗೆ ಹೇಳಬೇಕಾಗಿಲ್ಲ, ಅದಕ್ಕೇ ತಾನೆ ಅಲ್ಲೆಲ್ಲ ಗಾಳಿಯಂತ್ರ ನೆಟ್ಟಿರುವುದು. ಮುಚ್ಚಳ ಹಾಕಿದರೂ ಮಲಗಬೇಡ ಅಂತ ಲಿನಕ್ಸ್‌ಗೆ ಒಂದು ಸಾಲು ಬರೆದದ್ದೇ ಮದ್ದು.

ಮಾಸ್ತರಿಗೆ ಇನ್ನೊಂದು ಚಿಂತೆ ಇತ್ತು, ಗೃಹಜ್ಯೋತಿ. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚಿನ ತನಕ, 200 ಯೂನಿಟ್ ಒಳಗಿದ್ದರೆ ಬಿಲ್ ಇಲ್ಲ. ಹಗಲೂ ರಾತ್ರಿ ಒಂದು ಯಂತ್ರ ಓಡಿದರೆ ಮಿತಿ ದಾಟುತ್ತದೆಯೇ? ಪರದೆ ಆರಿಸಿದ ಲ್ಯಾಪ್‌ಟಾಪ್ ಸುಮಾರು 12 ವ್ಯಾಟ್ ಅಂತ ಹಿಡಿದರೆ ತಿಂಗಳಿಗೆ 9 ಯೂನಿಟ್ ಒಳಗೆ. ಕಾಗದದ ಮೇಲೆ ಗುಣಿಸಿ ತೋರಿಸಿದೆ. ಅವರು ಮತ್ತೊಮ್ಮೆ ತಾವೇ ಗುಣಿಸಿ ನೋಡಿ ಒಪ್ಪಿದರು.

ಈಗ ನೋಡಿ ಅನೇಕರು ನನ್ನನ್ನು ಕೇಳುತ್ತಾರೆ, ನಮಗೂ ಇದನ್ನು ಹಾಕಿಕೊಡು ಅಂತ. ಎಷ್ಟು ಲಿಂಕ್ ಇವೆ ಅಂತ ಕೇಳುತ್ತೇನೆ. ಇನ್ನೂರು ಮುನ್ನೂರು ಅಂದರೆ, ಬ್ರೌಸರಿನ ಬುಕ್‌ಮಾರ್ಕೇ ಸಾಕು, ತಿಂಗಳಿಗೊಮ್ಮೆ ಅದನ್ನು ಫೈಲಾಗಿ ಇಳಿಸಿಟ್ಟುಕೊಳ್ಳಿ ಅನ್ನುತ್ತೇನೆ. ಸರ್ವರ್ ಅಂದರೆ ಮನೆಯಲ್ಲಿ ಒಂದು ಎಮ್ಮೆ ಕಟ್ಟಿದ ಹಾಗೆ, ದಿನಾ ಅದರ ಕಡೆ ಒಂದು ಕಣ್ಣು ಇರಲೇಬೇಕು. ಹಾಲು ಬೇಕಾದಷ್ಟು ಬೇಕು ಅನ್ನುವವರು ಕಟ್ಟಲಿ.

ಹೋದ ವಾರ ಮತ್ತೆ ಮಾಸ್ತರ ಫೋನು. 'ಹೋದವು' ಪಟ್ಟಿಯನ್ನು ಅವರು ದಿನಾ ರಾತ್ರಿ ಒಂದೆರಡು ತೆಗೆದು ಹುಡುಕುತ್ತಾರಂತೆ. ಬೆಟಗೇರಿಯ ಮಗ್ಗದ ಮೇಲಿನ ಒಂದು ಲೇಖನ, ಬರೆದವರೇ ಬೇರೆ ಕಡೆ ಮತ್ತೆ ಹಾಕಿದ್ದಾರೆ. ಸಿಕ್ಕಿತು.

"ಹೋದವು ಅನ್ನೋದು ತಗದು ಬೆಟಗೇರಿ ಅಂತ ಹಾಕಬೇಕು. ಎಲ್ಲಿ ಒತ್ತಬೇಕೋ?"

ಹೇಳಿದೆ. ಒತ್ತಿದರು. ಸ್ವಲ್ಪ ಹೊತ್ತು ಫೋನಿನಲ್ಲಿ ಬರೇ ಫ್ಯಾನಿನ ಸದ್ದು.

"ಆತು. ಇನ್ನ ಮುನ್ನೂರಾ ಹದಿನಾರು ಅದಾವ."